ಕೆಂಪು ಛತ್ರಿಯ ರೆಕಾರ್ಡು ಹುಡುಕಿ ಹೋದದ್ದು

ಹಿರಿಯೂರು

ನನ್ನ ಅಣ್ಣನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹನ್ನೊಂದು ವರ್ಷ ಹೇಳಲಿಲ್ಲ. ಹೊಳಲ್ಕೆರೆಗೆ ಹೋಗಿ ಅವನೆದುರು ಕೂತು ಆ ಮಾತು ಆಡುವುದಕ್ಕಿಂತ ಸಮುದ್ರ ದಾಟಿ ಮಲೇಷ್ಯಾಕ್ಕೆ ಹೋಗಿಬರುವುದೇ ಸುಲಭ ಅನ್ನಿಸಿತು, ಹೋಗಿಬಂದೆ. ಅಲ್ಲಿನ ಎತ್ತರದ ಕಟ್ಟಡ, ಹಣ್ಣುಹಂಪಲಿನ ವಿಚಾರ ಬೇಕಾದವರು ತಿಳಿದವರು ಬರೆದದ್ದನ್ನು ಓದಿಕೊಳ್ಳಲಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಲ್ಲದೆ ಅಲ್ಲಿದ್ದ ಆರು ದಿನವೂ ನಾನು ಯಾರ ಮೇಲಾದರೂ ಸಿಡುಕುತ್ತಲೇ ಇದ್ದೆ. ಸಿಡುಕುವವನ ಕಣ್ಣಿಗೆ ಊರು ಎಷ್ಟು ಕಂಡೀತು?

ನನ್ನ ಹೆಸರು ಚನ್ನಬಸಪ್ಪ. ಹಿರಿಯೂರಿನಲ್ಲಿ ಬೋರ್‌ವೆಲ್ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದೇನೆ. ಅದಕ್ಕೆ ಮುಂಚೆ ಬಹಳ ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಅಣ್ಣ ಗಂಗಾಧರಪ್ಪ ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದು ಈಗ ಮನೆಯಲ್ಲಿದ್ದಾನೆ. ಇಬ್ಬರೂ ಹರಿಯಬ್ಬೆಯ ಒಂದೇ ಮನೆಯಲ್ಲಿ ಹುಟ್ಟಿದವರು, ಕಿವಿ ಮಾತ್ರ ಬೇರೆ ಬೇರೆ. ಹಾಡು ಅಂದರೆ ಮೂರು ಊರಿಗೆ ಕೇಳಬೇಕು ಅನ್ನುವವನು ನಾನು. ಅಣ್ಣನಿಗೆ ಜಾಝ್ ಹುಚ್ಚು. ಅವನು ಹರೆಯದಲ್ಲಿದ್ದಾಗ ಚಿತ್ರದುರ್ಗದ ಹತ್ತಿರದ ಗಣಿ ಬಂಗಲೆಯಲ್ಲಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ಮಂಚ, ಕುರ್ಚಿಗಳ ಜೊತೆ ಒಂದು ಪೆಟ್ಟಿಗೆ ರೆಕಾರ್ಡನ್ನೂ ಮಾರಿದರು. ಕುರ್ಚಿ ತಾ ಅಂತ ಅಪ್ಪ ಕಳಿಸಿದರೆ ಅಣ್ಣ ಪೆಟ್ಟಿಗೆ ಹೊತ್ತು ಬಂದ. ಅವತ್ತಿನಿಂದ ಸುಮಾರು ನಲವತ್ತು ವರ್ಷ ಎಲ್ಲೆಲ್ಲಿಂದಲೋ ಹುಡುಕಿ ಕೂಡಿಹಾಕಿದ. ತುತ್ತೂರಿ, ಸ್ಯಾಕ್ಸೋಫೋನಿನ ಪ್ಲೇಟುಗಳು, ಪರದೇಶದ ಸಿನಿಮಾಗಳ ಹಿನ್ನೆಲೆ ಸಂಗೀತದ ಪ್ಲೇಟುಗಳು. ಆ ಸಿನಿಮಾಗಳಲ್ಲಿ ಒಂದನ್ನೂ ಅವನು ನೋಡಿಲ್ಲ.

ನೋಡುವ ಅಗತ್ಯವೂ ಇರಲಿಲ್ಲ. ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಮಾಡುವ ಬಷೀರ್ ಸಾಬ್ರು ಅವನ ಗೆಳೆಯರು. ಪ್ರತಿ ಭಾನುವಾರ ಅಣ್ಣ ಬಟ್ಟೆ ಚೀಲದಲ್ಲಿ ಮೂರು ರೆಕಾರ್ಡು ಇಟ್ಟುಕೊಂಡು ದುರ್ಗದ ಬಸ್ಸು ಹತ್ತುತ್ತಿದ್ದ. ಸಾಬ್ರು ತಾವೇ ಜೋಡಿಸಿದ ಪ್ಲೇಯರಿನಲ್ಲಿ ಅವನ್ನು ಹಾಕುತ್ತಿದ್ದರು. ಇಬ್ಬರೂ ಸಂಗೀತ ಕೇಳುತ್ತಾ ಸಿನಿಮಾದ ಕಥೆಯನ್ನು ತಾವೇ ಕಟ್ಟುತ್ತಿದ್ದರು. ಅದರಲ್ಲೂ ಕೆಂಪು ಛತ್ರಿಯ ರೆಕಾರ್ಡು ಅಂದರೆ ಇಬ್ಬರಿಗೂ ಜೀವ. ಕವರಿನ ಮೇಲೆ ಮಳೆ ಸುರಿಯುವ ರೈಲು ನಿಲ್ದಾಣ, ಬೆನ್ನು ತಿರುಗಿಸಿ ನಿಂತ ಹೆಂಗಸು, ಅವಳ ಕೈಯಲ್ಲಿ ಕೆಂಪು ಛತ್ರಿ.

"ಅವಳು ರೈಲಿಂದ ಇಳಿದು ಬಂದಾಳೆ ಗಂಗಣ್ಣ. ತುತ್ತೂರಿ ಕೇಳ್ರಿ, ಮನೆಗೆ ಬಂದ ಖುಷಿ ಐತೆ ಅದರಾಗೆ" ಅಂತ ಸಾಬ್ರು.

"ಖುಷಿ ಎಲ್ಲೈತೆ ಮಾರಾಯ? ಹತ್ತಬೇಕು ಅಂತ ಬಂದು ಹತ್ತಲಾರದೆ ನಿಂತವಳೆ" ಅಂತ ಅಣ್ಣ.

ಇಪ್ಪತ್ತು ವರ್ಷ ಈ ಜಗಳ ಬಗೆಹರಿಯಲಿಲ್ಲ. ಬಗೆಹರಿಯುವುದು ಇಬ್ಬರಿಗೂ ಬೇಡವಾಗಿತ್ತು.

ಹನ್ನೊಂದು ವರ್ಷದ ಹಿಂದೆ ಮಗಳ ಮದುವೆಗೆ ಅಂತ ಅಣ್ಣ ಮನೆಯ ಮಣ್ಣಿನ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸಿದ. ಧೂಳಾಗುತ್ತದೆಂದು ರೆಕಾರ್ಡಿನ ಟ್ರಂಕನ್ನು ನನ್ನ ಹತ್ತಿರ ಬಿಟ್ಟ. "ಎರಡು ತಿಂಗಳು ಇಟ್ಕ. ಮುಟ್ಟಬ್ಯಾಡ" ಅಂದ. ಆಗಲೇ ಹೊಸದುರ್ಗದ ಒಬ್ಬ ನಿವೃತ್ತ ಮಿಲಿಟರಿ ಸಾಹೇಬರು ಮಗನ ಆರತಕ್ಷತೆಗೆ ನನ್ನ ಸೆಟ್ ಹೇಳಿದರು. ಪೆನ್‌ಡ್ರೈವ್ ಬೇಡ, ಹಳೇ ಕಾಲದ ಹಾಗೆ ಸ್ಟೇಜಿನ ಮೇಲೆ ಇಂಗ್ಲಿಷ್ ಪ್ಲೇಟೇ ತಿರುಗಬೇಕು ಅಂದರು. ನಾನು ಟ್ರಂಕು ತೆಗೆದೆ. ಚಿತ್ರ ಚೆಂದ ಇದೆ ಅಂತ ಕೆಂಪು ಛತ್ರಿಯನ್ನು ಎತ್ತಿಕೊಂಡೆ.

ಮೈಕ್ ಸೆಟ್‌ನವರಿಗೆ ಎರಡು ಚಾಳಿ. ಒಂದು, ಅಂಗಡಿಯಿಂದ ಯಾವ ವಸ್ತು ಹೊರಗೆ ಹೋದರೂ, ಹಾರ್ನ್ ಆಗಲಿ ವೈರಿನ ಸುರುಳಿಯಾಗಲಿ, ಬೇರೆ ಸೆಟ್‌ನವರ ಸಾಮಾನಿನ ಜೊತೆ ಸೇರಿಹೋಗದಂತೆ ಅದರ ಮೇಲೆ ಹೆಸರು ಬರೆಯುವುದು. ಕೈ ತಾನೇ ಪೇಂಟಿನ ಡಬ್ಬಿಗೆ ಹೋಯಿತು. ಆ ಹೆಂಗಸಿನ ಬೆನ್ನ ಮೇಲೆ ಕೆಂಪು ಪೇಂಟಿನಲ್ಲಿ ದಪ್ಪಗೆ 'ಚನ್ನಬಸವ ಸೌಂಡ್ ಸರ್ವಿಸ್, ಹಿರಿಯೂರು' ಅಂತ ಬರೆದೆ. ಎರಡನೆಯದು, ಜನರೇಟರಿನ ಅದುರಿಗೆ ಮುಳ್ಳು ಹಾರದಿರಲಿ ಅಂತ ಪ್ಲೇಯರಿನ ಕೈಯ ಮೇಲೆ ನಾಣ್ಯ ಇಟ್ಟು ಟೇಪು ಸುತ್ತುವುದು. ಆ ಭಾರದಲ್ಲಿ ಒಂದೇ ಮಗ್ಗುಲನ್ನು ಮೂರು ತಾಸು ತಿರುಗಿಸಿದೆ. ಕೊನೆಗೆ ಬರೀ ಜರಡಿ ಆಡಿಸಿದ ಸದ್ದು ಬಂತು. ನೆಂಟರು ಊಟದಲ್ಲಿದ್ದರು, ಯಾರಿಗೂ ತಿಳಿಯಲಿಲ್ಲ.

ಟ್ರಂಕು ವಾಪಸು ಕೊಟ್ಟಾಗ ಅಣ್ಣ ಎಣಿಸಿ, "ಛತ್ರೀದು ಎಲ್ಲೋ?" ಅಂದ. ನನ್ನ ಬಾಯಿಂದ ಬಂದದ್ದು: "ನೀನು ಕೊಟ್ಟಾಗ್ಲೇ ಇರ್ಲಿಲ್ಲ. ಸಾಬ್ರ ಹತ್ರ ಉಳಿದಿರಬೇಕು, ನೋಡು."

ಇಷ್ಟೇ ಮಾತು. ಅಣ್ಣ ದುರ್ಗಕ್ಕೆ ಹೋಗಿ ಕೇಳಿದ. ಏನು ನಡೆಯಿತೋ ನನಗೆ ಹೇಳಲಿಲ್ಲ. ಆಮೇಲೆ ಅವನು ಭಾನುವಾರದ ಬಸ್ಸು ಹತ್ತಿದ್ದನ್ನು ಯಾರೂ ನೋಡಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ಹೆಚ್ಚು ಮಾಲು ಎತ್ತಿದ ಡೀಲರ್‌ಗಳನ್ನು ಪೈಪ್ ಕಂಪನಿಯವರು ಫಾರಿನ್ ಟೂರಿಗೆ ಕರೆದೊಯ್ಯುವುದು ಈಗ ರೂಢಿ. ಈ ಸಲ ಮಲೇಷ್ಯಾ ಅಂದರು. ಅಲ್ಲಿ ಹಳೇ ರೆಕಾರ್ಡಿನ ಅಂಗಡಿಗಳಿವೆ ಅಂತ ಯಾರೋ ಹೇಳಿದ್ದರು. ಅದೇ ರೆಕಾರ್ಡು ಇನ್ನೊಂದು ಸಿಕ್ಕರೆ, 'ಅಟ್ಟ ಗುಡಿಸುವಾಗ ಸಿಕ್ತು' ಅಂತ ಅಣ್ಣನಿಗೆ ಕೊಟ್ಟುಬಿಡಬಹುದು. ಅಣ್ಣ ಸಾಬ್ರ ಹತ್ತಿರ ಹೋಗುತ್ತಾನೆ. ಎಲ್ಲ ಸರಿಯಾಗುತ್ತದೆ, ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಇಂಥ ಉಪಾಯಕ್ಕೆ ಹನ್ನೊಂದು ವರ್ಷ ತೆಗೆದುಕೊಂಡೆ.

ಇಂಗ್ಲಿಷ್ ಓದಲು ಬಾರದ್ದರಿಂದ ಗುರುತಿಗೆ ಕವರನ್ನೇ, ಒಳಗಿನ ಹಾಳಾದ ಪ್ಲೇಟಿನ ಸಮೇತ, ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟೆ. ತಪಾಸಣೆಯವರು ಬಿಚ್ಚಿಸಿದರು.

"ಏನ್ರೀ ಇದು?"

"ರೆಕಾರ್ಡು ಸಾರ್."

"ಎಲ್ಲರೂ ಫಾರಿನ್‌ನಿಂದ ತರ್ತಾರೆ. ನೀವು ಒಯ್ತಿದೀರಾ?" ಅಂದು ಕವರು ತಿರುಗಿಸಿ ನೋಡಿದರು. "ಚನ್ನಬಸವ ಸೌಂಡ್ ಸರ್ವಿಸ್. ನಿಮ್ದೇನಾ?"

ಹಿಂದೆ ನಿಂತಿದ್ದ ಓಂಕಾರಪ್ಪ, "ಅವ್ರದೇ ಸಾರ್, ಅವ್ರೇ ಚನ್ನಬಸಪ್ಪ" ಅಂತ ಕೇಳದೆಯೇ ಸಾಕ್ಷಿ ಹೇಳಿದ. ಕದ್ದ ಮಾಲಿನ ಮೇಲೆ ಸಹಿ ಹಾಕಿಟ್ಟ ಕಳ್ಳ ನನ್ನಂತೆ ಇನ್ನೊಬ್ಬನಿರಲಾರ.

ಓಂಕಾರಪ್ಪ ಹೊಸದುರ್ಗದ ಪೈಪ್ ವ್ಯಾಪಾರಿ. ಟೂರಿನಲ್ಲಿ ನನ್ನ ರೂಮಿಗೆ ಅವನನ್ನು ಹಾಕಿದ್ದರು. ಒಂದು ಚೀಲದ ತುಂಬ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಾಯಿ ತುಂಬ ಮಾತು.

ಕೌಲಾಲಂಪುರ

ಮೊದಲನೇ ಬೆಳಿಗ್ಗೆಯೇ ಎಡವಟ್ಟು. ಓಂಕಾರಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂತ. ನಾಲ್ಕು ಊದುಬತ್ತಿ ಒಟ್ಟಿಗೆ ಹಚ್ಚಿದ. ಹೊಗೆ ತಾಗಿ ಛಾವಣಿಯಲ್ಲಿದ್ದ ಗುಂಡನೆಯ ಡಬ್ಬಿ ಕಿರುಚಲು ಶುರು ಮಾಡಿತು. ಹೋಟೆಲಿನ ಮೂವರು ಬಾಗಿಲು ಬಡಿದು ಒಳಗೆ ಬಂದರೆ ಇವನು ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದಾನೆ. ಅವರು ಏನು ಕೇಳಿದರೂ ನಾನು 'ಗಾಡ್, ಗಾಡ್' ಅನ್ನುತ್ತಿದ್ದೆ. ಅವರು ಕೈಮುಗಿದು, ಊದುಬತ್ತಿ ಮಾತ್ರ ನೀರಿಗೆ ಅದ್ದಿ ಹೋದರು. ಪೂಜೆ ಮುಗಿಸಿ ಇವನು, "ಯಾರೋ ಬಂದಂಗಿತ್ತಲ್ಲ?" ಅಂದ.

ಟೂರಿನ ಬಸ್ಸು ಊರು ತೋರಿಸುವುದಕ್ಕಿಂತ ಅಂಗಡಿ ತೋರಿಸಿದ್ದೇ ಹೆಚ್ಚು. ಚಾಕೊಲೇಟಿನ ಅಂಗಡಿ, ಕೀಲುನೋವಿನ ಮುಲಾಮಿನ ಅಂಗಡಿ, ಹಾಸಿಗೆ ಅಂಗಡಿ. ಹಾಸಿಗೆ ಅಂಗಡಿಯಲ್ಲಿ ನಮ್ಮ ಮೂವತ್ತು ಜನ ಡೀಲರ್‌ಗಳು ಸಾಲಾಗಿ ಮಲಗಿ ನೋಡಿದರು, ಇಬ್ಬರು ನಿದ್ದೆಯೇ ಹೋದರು. ನಾನು ಆ ಹೊತ್ತಿಗೆ ತಪ್ಪಿಸಿಕೊಂಡು, ಕವರು ಹಿಡಿದು ಕಂಡಕಂಡವರಿಗೆ ತೋರಿಸುತ್ತಾ ಹೊರಟೆ. ಆ ಊರಿನವರು ದಾರಿ ತೋರಿಸುವಾಗ ತೋರುಬೆರಳು ಚಾಚುವುದಿಲ್ಲ, ಮುಷ್ಟಿ ಕಟ್ಟಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ಅದು ಮರ್ಯಾದೆಯಂತೆ. ಮರ್ಯಾದೆಯ ಹೆಬ್ಬೆರಳು ಎಡಕ್ಕಿದೆಯೋ ಮುಂದಕ್ಕಿದೆಯೋ ಅಂತ ತಿಳಿಯದೆ ಒಂದೇ ವೃತ್ತವನ್ನು ಮೂರು ಸಲ ಸುತ್ತಿದೆ. ನಮ್ಮೂರಲ್ಲಾದರೆ ಕೈಹಿಡಿದು ಕರೆದುಕೊಂಡು ಹೋಗಿ ಬಿಡುತ್ತಾರೆ, ಬೈದರೂ ಸರಿಯೆ.

ಕೊನೆಗೆ ಒಂದು ಮಹಡಿಯ ಮೇಲೆ ರೆಕಾರ್ಡಿನ ಅಂಗಡಿ ಸಿಕ್ಕಿತು. ನೀಲಿ ಕೂದಲಿನ ಹುಡುಗಿ, ಬಹಳ ವಿನಯ. ಬಿಳಿ ಕೈಗವಸು ತೊಟ್ಟು ನನ್ನ ಕವರನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನು ಅದನ್ನು ಹನ್ನೊಂದು ವರ್ಷ ಹಳೇ ಹಾರ್ನ್‌ಗಳ ಕೆಳಗೆ ಅಟ್ಟದಲ್ಲಿ ತುರುಕಿದ್ದೆ. ಅವಳು ಮೊಬೈಲಿಗೆ ಏನೋ ಹೇಳಿದಳು, ಮೊಬೈಲು ಅದನ್ನು ಕನ್ನಡದಲ್ಲಿ ಓದಿತು: "ಈ ಕೆಂಪು ಅಕ್ಷರಗಳು ಬಹಳ ಸುಂದರವಾಗಿವೆ. ಕಲಾವಿದರು ಯಾರು?"

ಆ ಮೊಬೈಲನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಆಮೇಲೆ ಅವಳು ಒಂದು ಚೀಟಿಯಲ್ಲಿ ಪೆನಾಂಗ್ ಊರಿನ ಒಂದು ವಿಳಾಸ ಬರೆದುಕೊಟ್ಟಳು. ಇಂಥದ್ದು ಇದ್ದರೆ ಆ ತಾತನ ಹತ್ತಿರವೇ ಇರಬೇಕಂತೆ.

ಪೆನಾಂಗ್

ಪೆನಾಂಗ್ ಸಮುದ್ರದ ನಡುವಿನ ಊರು. ದಂಡೆಯಲ್ಲಿ ಎಲ್ಲರೂ ಫೋಟೋ ತೆಗೆಸಿಕೊಂಡರು. ಓಂಕಾರಪ್ಪ ಸೊಂಟದ ಮೇಲೆ ಕೈಯಿಟ್ಟು ಸಮುದ್ರವನ್ನು ಒಂದು ಸಲ ಅಳತೆ ಹಾಕಿ, "ನಮ್ಮ ಮಾರಿಕಣಿವೆ ಡ್ಯಾಮು ಕೋಡಿ ಬಿದ್ದಾಗ ನೋಡಬೇಕು, ಇದೇನು ಮಹಾ" ಅಂದ. ದುರ್ಗದ ಒಣ ಗಾಳಿಗೆ ಒಗ್ಗಿದ ಮೈಗೆ ಅಲ್ಲಿನ ಸೆಕೆ ಒದ್ದೆ ಕಂಬಳಿ ಹೊದ್ದ ಹಾಗೆ. ಬಸ್ಸು ಮತ್ತೆ ಚಾಕೊಲೇಟ್ ಅಂಗಡಿಯ ಮುಂದೆ ನಿಂತಾಗ ನಾನು ಚೀಟಿ ಹಿಡಿದು ಇಳಿದೆ. "ಎರಡು ಗಂಟೆ ಟೈಮು, ಅಷ್ಟರೊಳಗೆ ಬರಬೇಕು" ಅಂತ ಟೂರಿನ ಗೈಡು ಎಚ್ಚರಿಸಿದಳು.

ಆ ಬೀದಿಯ ಮನೆಗಳ ಮುಂದೆ ಉದ್ದಕ್ಕೂ ಜಗುಲಿ. ಒಂದು ಜಗುಲಿಯಲ್ಲಿ ಗಡಿಯಾರ ರಿಪೇರಿಯ ಮೇಜು, ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನ ತನಕ ರೆಕಾರ್ಡು. ಅದರ ಯಜಮಾನ ಮುರುಗಯ್ಯ ಅಂತ, ಮೂರು ತಲೆಮಾರಿನಿಂದ ಅಲ್ಲೇ ನೆಲೆಸಿದ ತಮಿಳು ಮುದುಕ. ನಮ್ಮ ಕಡೆ ಬೋರ್‌ವೆಲ್ ಕೊರೆಯುವ ಲಾರಿಗಳೆಲ್ಲ ತಮಿಳುನಾಡಿನವು. ಅವರ ಜೊತೆ ವ್ಯವಹಾರ ಮಾಡಿ ಮಾಡಿ ನನಗೆ ಮುರುಕು ತಮಿಳು ಬರುತ್ತದೆ. ಅವರು ಮಾತಾಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಕವರನ್ನು ನೋಡಿದ ಕೂಡಲೇ, "ಇದು ನನ್ನ ಹತ್ತಿರ ಇದೆ" ಅಂದರು. ಆದರೆ ಎದ್ದು ಹುಡುಕಬೇಕಲ್ಲ, ಇಲ್ಲ. ನನ್ನ ಪ್ಲೇಟನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

"ಇದನ್ನ ಯಾರಪ್ಪ ಉತ್ತವರು?"

"ಹಾಳಾಗಿದೆ. ಹಳೆಯದು" ಅಂದೆ.

"ಹಳೆಯದಾಗಿ ಹೀಗಾಗಲ್ಲ. ನೇಗಿಲ ಮೇಲೆ ಯಾರೋ ನಿಂತಿದ್ದಾರೆ" ಅಂದು, ಕವರಿನ ಅಕ್ಷರದ ಮೇಲೆ ಬೆರಳಾಡಿಸಿದರು. "ಇದೇನು ಬರೆದಿದೆ?"

"ಒಂದು ಅಂಗಡಿ ಹೆಸರು."

"ಯಾರ ಅಂಗಡಿ?"

ಮಾಲು ಕೊಡುವ ಮುಂಚೆ ಇಷ್ಟು ಪ್ರಶ್ನೆ ಕೇಳುವ ವ್ಯಾಪಾರಿಯನ್ನು ನಾನು ನೋಡಿಲ್ಲ. "ನನ್ನದೇ" ಅಂದೆ.

ಆಮೇಲೆ ಅವರ ನಿಯಮ ಶುರುವಾಯಿತು. ಒಂದು ಮಗ್ಗುಲನ್ನು ಕೊಳ್ಳುವವನ ಜೊತೆ ಕೂತು ಪೂರ್ತಿ ಕೇಳದೆ ಅವರು ಯಾವ ರೆಕಾರ್ಡನ್ನೂ ಮಾರುವುದಿಲ್ಲ. ಚಪ್ಪಲಿ ಬಿಡಬೇಕು, ಮಾತಾಡಬಾರದು, ಮೊಬೈಲನ್ನು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಮುಚ್ಚಬೇಕು.

"ಅಯ್ಯಾ, ಬಸ್ಸು ಹೋಗಿಬಿಡುತ್ತೆ. ಸುತ್ತಿ ಕೊಟ್ಟುಬಿಡಿ" ಅಂದೆ.

"ಮನೆಗೆ ಹೆಣ್ಣು ಕೇಳೋಕೆ ಬಂದವನು ಮುಖ ನೋಡದೆ ಹೋಗ್ತಾನಾ? ಕೂತ್ಕೋ."

ಕೂತೆ. ಅವರು ಮೆತ್ತನೆಯ ಬಟ್ಟೆಯಿಂದ ಪ್ಲೇಟು ಒರೆಸಿ, ಹಸುಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಮುಳ್ಳು ಇಳಿಸಿದರು. ಮೊದಲು ಡ್ರಮ್ಮಿನ ಮೇಲೆ ಪೊರಕೆ ಆಡಿಸಿದಂಥ ಸದ್ದು, ಮಳೆ ಬರುವ ಮುಂಚಿನ ಗಾಳಿಯ ಹಾಗೆ. ಆಮೇಲೆ ತುತ್ತೂರಿ. ಇಪ್ಪತ್ತು ವರ್ಷ ಸೌಂಡ್ ಸರ್ವಿಸ್ ನಡೆಸಿದವನು ನಾನು, ಒಂದು ಹಾಡನ್ನೂ ಮೊದಲಿನಿಂದ ಕೊನೆಯ ತನಕ ಕೂತು ಕೇಳಿದವನಲ್ಲ. ವೈರು, ಫ್ಯೂಸು, ಡೀಸೆಲ್ಲು, ಇದರಲ್ಲೇ ನನ್ನ ಕಿವಿ ಇರುತ್ತಿತ್ತು. ಹೊಸದುರ್ಗದ ಸ್ಟೇಜಿನ ಮೇಲೆ ನಾನು ಅರೆದು ಪುಡಿ ಮಾಡಿದ್ದು ಇದನ್ನು. ಅವಳು ಇಳಿದಳೋ ಹತ್ತಲಿಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಅದಕ್ಕಾಗಿ ಇಬ್ಬರು ಗಂಡಸರು ಇಪ್ಪತ್ತು ವರ್ಷ ಜಗಳಾಡಬಹುದು ಅನ್ನುವುದು ಗೊತ್ತಾಯಿತು.

ನಡುವೆ ಬಿಸ್ಕತ್ ಡಬ್ಬಿ ಗಡಗಡ ನಡುಗಿತು. ಓಂಕಾರಪ್ಪನ ಫೋನು. ಮುರುಗಯ್ಯ ಅದರ ಮೇಲೆ ಒಂದು ದಿಂಬು ಇಟ್ಟರು.

ಮಗ್ಗುಲು ಮುಗಿದ ಮೇಲೆ ಕೇಳಿದರು, "ಯಾರಿಗೆ?"

"ನಮ್ಮಣ್ಣನಿಗೆ. ಅವನದು ಕಳೆದುಹೋಗಿದೆ. ಅದೇ ಸಿಕ್ತು ಅಂತ ಕೊಡಬೇಕು."

ಅವರು ಒಮ್ಮೆ ನನ್ನ ಕವರಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. "ಅವನ ಪ್ಲೇಟಿನಲ್ಲಿ ಎಲ್ಲಿ ಸದ್ದು ಬರ್ತಿತ್ತು?"

"ಸದ್ದು ಅಂದರೆ?"

"ಗೀರು ಇರುತ್ತಲ್ಲ. ಪ್ರತಿ ಪ್ಲೇಟಿಗೂ ಒಂದೊಂದು ಕಡೆ. ವರ್ಷಗಟ್ಟಲೆ ಕೇಳಿದವನಿಗೆ ಅದೂ ಹಾಡೇ ಆಗಿಬಿಡುತ್ತೆ. ಇದು ಅದಲ್ಲ ಅಂತ ನಿಮ್ಮಣ್ಣ ಅರ್ಧ ಮಗ್ಗುಲಲ್ಲಿ ಹೇಳ್ತಾನೆ."

ನನಗೆ ನೆನಪಾಯಿತು. ಅಣ್ಣನ ಮಗಳು ಕೂಸಾಗಿದ್ದಾಗ ಆ ಪ್ಲೇಟಿನ ಮೇಲೆ ಲೋಟ ಬೀಳಿಸಿದ್ದಳು. ಎರಡನೇ ಹಾಡಿನ ಶುರುವಿನಲ್ಲಿ ಮೂರು ಸಲ ಟಿಕ್ ಟಿಕ್ ಟಿಕ್ ಅನ್ನುತ್ತಿತ್ತು. ಅಣ್ಣ ಪ್ರತಿ ಸಲವೂ ಅದಕ್ಕೆ ಸರಿಯಾಗಿ ಮಂಡಿಯ ಮೇಲೆ ಬೆರಳು ಬಡಿಯುತ್ತಿದ್ದ. ಇದರಲ್ಲಿ ಟಿಕ್ ಇಲ್ಲ. ಸಮುದ್ರ ದಾಟಿ ಬಂದದ್ದೆಲ್ಲ ದಂಡ.

ಆದರೂ ಕೊಂಡೆ. ಅವರು ಕಟ್ಟಿಕೊಡುತ್ತಾ, "ನಾನು ಈ ಸಿನಿಮಾ ನೋಡಿದೀನಿ. ಆ ಛತ್ರಿಯ ಹೆಂಗಸು ಇದ್ದಾಳಲ್ಲ, ಅವಳು ಕೊನೆಗೆ..." ಅಂತ ಶುರು ಮಾಡಿದರು.

ನಾನು ಎರಡೂ ಕಿವಿ ಮುಚ್ಚಿಕೊಂಡು, "ಬೇಡಯ್ಯಾ, ಹೇಳಬೇಡಿ!" ಅಂತ ಕೂಗಿಬಿಟ್ಟೆ. ಯಾಕೆ ಕೂಗಿದೆನೋ ಆಗ ನನಗೇ ತಿಳಿಯಲಿಲ್ಲ. ಅವರು ಬಾಯಿ ಮುಚ್ಚಿ, ಮೊದಲನೇ ಸಲ ನಕ್ಕರು.

ಪೆನಾಂಗ್, ಹೋಟೆಲಿನ ರೂಮು

ಬಸ್ಸು ನನಗಾಗಿ ಮುಕ್ಕಾಲು ಗಂಟೆ ಕಾದಿತ್ತು. ಮೂವತ್ತು ಜನ ಚಾಕೊಲೇಟು ಕರಗಿದ್ದಕ್ಕೆ ನನ್ನನ್ನು ಬೈದರು. ಮಧ್ಯಾಹ್ನ ರೂಮಿಗೆ ಬಂದು, ಓಂಕಾರಪ್ಪ ಬಚ್ಚಲಿಗೆ ಹೋದದ್ದು ನೋಡಿ, ನಾನು ಹೊಸ ಪ್ಲೇಟನ್ನು ಹಾಸಿಗೆ ಮೇಲೆ ಇಟ್ಟು ಅಂಗಿಯ ಪಿನ್ನು ತೆಗೆದೆ. ಎರಡನೇ ಹಾಡಿನ ಶುರು ಎಲ್ಲಿ ಅಂತ ಗೆರೆ ಹುಡುಕಿದೆ. ಒಂದು ಸಣ್ಣ ಗೀರು. ಟಿಕ್ ಟಿಕ್ ಟಿಕ್. ಅಷ್ಟಾದರೆ ಅಣ್ಣನಿಗೆ ತಿಳಿಯುವುದಿಲ್ಲ.

"ಏನ್ಲೇ ಅದು?" ಓಂಕಾರಪ್ಪ ಬಾಗಿಲಲ್ಲಿ ನಿಂತಿದ್ದ. "ಇಷ್ಟು ಪಾಡುಪಟ್ಟು ತಂದಿದ್ದಕ್ಕೆ ಪಿನ್ನು ಚುಚ್ಚಾಕೆ ಹೊಂಟೀಯಲ್ಲ, ತಲೆ ನೆಟ್ಟಗೈತಾ?"

ಹೇಳಬಾರದು ಅಂದುಕೊಂಡಿದ್ದೆ. ಪಿನ್ನು ಕೈಯಲ್ಲಿದ್ದಾಗ ಬೇರೆ ಏನು ಹೇಳಲಿ? ಎಲ್ಲ ಹೇಳಿದೆ. ಅವನು ಒದ್ದೆ ತಲೆ ಒರೆಸುವುದನ್ನೂ ಮರೆತು ಕೇಳಿದ. ಬೈಯುತ್ತಾನೆ ಅಂತ ಕಾದೆ.

"ಬಷೀರ್ ಸಾಬ್ರು ಅಂದ್ರೆ ಕೋಟೆ ರಸ್ತೇಲಿ ರೇಡಿಯೋ ಅಂಗಡಿ ಐತಲ್ಲ, ಅವ್ರೇನಾ?"

"ಹೂಂ. ಗೊತ್ತಾ ನಿಂಗೆ?"

"ನಮ್ಮಪ್ಪನ ಕಾಲದ ರೇಡಿಯೋ ಹೋದ ತಿಂಗ್ಳು ಅವ್ರತ್ರ ಒಯ್ದಿದ್ದೆ. ಪಾಪ, ನಾನು ಕೂಗಿ ಕೂಗಿ ಹೇಳಬೇಕಾತು. ಒಂದು ಕಿವಿ ಪೂರಾ ಹೋಗೈತೆ. ಇನ್ನೊಂದೂ ಹೋಗಾಕತ್ತೈತಂತೆ. ರಿಪೇರಿ ಮಾಡಿದ ರೇಡಿಯೋ ಮಾತಾಡ್ತೈತೋ ಇಲ್ವೋ ಅಂತ ಕೈಯಿಟ್ಟು ಅದುರು ನೋಡ್ತಾರೆ ಮಾರಾಯ."

ನಾನು ಹಾಸಿಗೆಯ ಮೇಲೆ ಕೂತೆ. ಇಷ್ಟು ವರ್ಷ ನಾನು ಎಣಿಸಿದ್ದು ಒಂದು ಪ್ಲೇಟು ಹಾಳಾದದ್ದನ್ನು ಮಾತ್ರ. ಪ್ಲೇಟು ಇನ್ನೊಂದು ಸಿಗುತ್ತದೆ, ಸಿಕ್ಕಿತು. ಆ ಕಿವಿ ಎಲ್ಲಿ ಸಿಗುತ್ತದೆ? ಸಾಬ್ರಿಗೆ ಕೇಳುತ್ತಿದ್ದ ವರ್ಷಗಳನ್ನೆಲ್ಲ ನನ್ನ ಒಂದು ಮಾತು ನುಂಗಿತ್ತು. ಉಳಿದಿರುವುದು ಅರ್ಧ ಕಿವಿ.

"ಹನ್ನೊಂದು ವರ್ಷ ಸುಮ್ಕಿದ್ದಿದ್ದು ಒಂದು ಪಾಪ" ಅಂದ ಓಂಕಾರಪ್ಪ, ಪಿನ್ನನ್ನು ನನ್ನ ಕೈಯಿಂದ ಕಿತ್ತುಕೊಂಡು. "ಅದಕ್ಕೆ ಪಿನ್ನು ಚುಚ್ಚಿ ಇನ್ನೊಂದು ಮಾಡಬ್ಯಾಡ. ಏಳು, ರೊಟ್ಟಿ ತಿನ್ನು."

ಆ ರೊಟ್ಟಿ ಐದು ದಿನದ್ದು, ಹಲಗೆ. ಅಗಿದದ್ದೇ ಅಗಿದದ್ದು.

ಹೊಳಲ್ಕೆರೆ

ಬಂದ ಮಾರನೇ ದಿನ ಭಾನುವಾರ. ಬೆಳಿಗ್ಗೆಯೇ ಹೊಳಲ್ಕೆರೆಗೆ ಹೋದೆ. ಅತ್ತಿಗೆ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟರು. "ಫಾರಿನ್ ನೀರು ಚೆನ್ನಾಗಿ ಹಿಡಿದಂಗಿಲ್ಲ, ಮುಖ ಬಾಡೈತೆ" ಅಂದರು. ಅಣ್ಣನ ಕೈಗೆ ಹೊಸ ರೆಕಾರ್ಡು ಕೊಟ್ಟೆ. ಅಷ್ಟು ದೂರದಿಂದ ಹೊತ್ತು ತಂದ ಧೈರ್ಯ ಬಾಗಿಲಲ್ಲೇ ಚಪ್ಪಲಿ ಜೊತೆ ಉಳಿದಿತ್ತು.

ಅಣ್ಣ ಕವರನ್ನು ಬಹಳ ಹೊತ್ತು ನೋಡಿದ. ಪ್ಲೇಟು ತೆಗೆದು ಪ್ಲೇಯರಿಗೆ ಹಾಕಿದ. ಮೊದಲನೇ ಹಾಡು ಮುಗಿಯಿತು. ಎರಡನೆಯದು ಶುರುವಾದಾಗ ಅವನ ಬೆರಳು ತಾನಾಗಿ ಎದ್ದು ಮಂಡಿ ಮೇಲೆ ಮೂರು ಸಲ ಬಡಿಯಿತು. ಪ್ಲೇಟು ಸುಮ್ಮನೆ ಹಾಡುತ್ತಾ ಹೋಯಿತು. ಅಣ್ಣ ಮುಳ್ಳು ಎತ್ತಿದ.

"ಇದು ನಂದಲ್ಲ."

ನಾನು ಚೀಲದಿಂದ ಇನ್ನೊಂದನ್ನು ತೆಗೆದು ಅವನ ಮುಂದೆ ಇಟ್ಟೆ. ಅವನು ಕನ್ನಡಕ ಏರಿಸಿ ನನ್ನ ಕೆಂಪು ಅಕ್ಷರಗಳನ್ನು ಓದಿದ. ಪ್ಲೇಟನ್ನು ಬೆಳಕಿಗೆ ಹಿಡಿದ. ಅತ್ತಿಗೆ ಒಳಗೆ ಹೋಗಿಬಿಟ್ಟರು.

"ಪೇಂಟು ಚೆನ್ನಾಗಿ ಹಿಡಿದೈತೆ" ಅಂದ ಅಣ್ಣ.

"ಅಣ್ಣಾ, ನಾನು..."

"ತಡಿ." ಅವನು ನನ್ನ ಮುಖ ನೋಡದೆ ಮಾತಾಡಿದ. "ಅವತ್ತು ಬಷೀರನ ಅಂಗಡೀಲಿ ಐದಾರು ಜನ ಗಿರಾಕಿಗಳಿದ್ರು. ಅವರೆಲ್ಲರ ಮುಂದೆ ಅವನ ಶೆಲ್ಫು ಪೂರ್ತಿ ಇಳಿಸ್ದೆ. ಒಂದೊಂದೇ ರೇಡಿಯೋ ಎತ್ತಿ ಹಿಂದೆ ನೋಡ್ದೆ. ಅವನು ಒಂದು ಮಾತು ಆಡ್ಲಿಲ್ಲ ಕಣೋ. ಎಲ್ಲಾ ನೋಡಿದ ಮ್ಯಾಲೆ 'ಮನೇನೂ ನೋಡ್ತೀರಾ ಗಂಗಣ್ಣ?' ಅಂತ ಕೇಳ್ದ. ನಾನು ಮನೇನೂ ನೋಡ್ದೆ."

ಇದು ನನಗೆ ಗೊತ್ತಿರಲಿಲ್ಲ. ಅಣ್ಣ ಅಲ್ಲಿಗೆ ಹೋಗುವುದನ್ನು ಬಿಟ್ಟದ್ದು ಅನುಮಾನದಿಂದ ಅಂತ ತಿಳಿದಿದ್ದೆ. ಅವನು ಬಿಟ್ಟದ್ದು ನಾಚಿಕೆಯಿಂದ.

"ಅಣ್ಣಾ, ನನ್ನಿಂದ..."

"ಬ್ಯಾಡ. ಮಾತು ಇಲ್ಲೇ ಖಾಲಿ ಮಾಡ್ಕಬ್ಯಾಡ, ಅಲ್ಲಿ ಬೇಕಾಗ್ತೈತೆ." ಅವನು ಗೋಡೆಯ ಮೊಳೆಯಿಂದ ಬಟ್ಟೆ ಚೀಲ ತೆಗೆದು ಎರಡೂ ರೆಕಾರ್ಡನ್ನು ಅದರಲ್ಲಿಟ್ಟ. "ಏಳು. ದುರ್ಗಕ್ಕೆ ಹೋಗಾಣ."

ಚಿತ್ರದುರ್ಗ

ಬಸ್ಸಿನಲ್ಲಿ ಅಣ್ಣ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು ಕೂತಿದ್ದ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸಿದಾಗ ಕೇಳಿದ, "ಕೊಟ್ಟವನು ಸಿನಿಮಾ ನೋಡಿದ್ನಾ?"

"ನೋಡಿದ್ರಂತೆ. ಕಥೆ ಹೇಳಾಕೆ ಬಂದ್ರು. ನಾನು ಬ್ಯಾಡ ಅಂತ ಕಿವಿ ಮುಚ್ಕಂಡೆ."

ಅಣ್ಣ ಕಿಟಕಿಯ ಹೊರಗೆ ನೋಡಿದ. "ಅದೊಂದು ಸರಿಯಾಗಿ ಮಾಡಿದ್ದಿ."

ಸಾಬ್ರ ಅಂಗಡಿಯಲ್ಲಿ ಇಬ್ಬರು ಗಿರಾಕಿ ಇದ್ದರು. ಎದುರಿನ ಟೀ ಅಂಗಡಿಯ ಬೆಂಚು ತುಂಬಿತ್ತು. ಸಾಬ್ರು ಬಿಸಿ ಕಡ್ಡಿಯಿಂದ ತಂತಿಗೆ ಸೀಸ ಹಚ್ಚುತ್ತಿದ್ದವರು ತಲೆ ಎತ್ತಿದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಣ್ಣನನ್ನು ನೋಡಿದರು, ಅವನ ಕೈಯ ಚೀಲ ನೋಡಿದರು. ಕಡ್ಡಿಯನ್ನು ಸ್ಟ್ಯಾಂಡಿಗೆ ಒರಗಿಸಿ, ಸ್ಟೂಲಿನ ಮೇಲಿನ ಸಾಮಾನು ಸರಿಸಿ, "ಕುಂತ್ಕಳ್ರಿ ಗಂಗಣ್ಣ" ಅಂದರು. ಹೋದ ಭಾನುವಾರವಷ್ಟೇ ಬಂದು ಹೋದವನಿಗೆ ಹೇಳುವ ಹಾಗೆ.

ಅಣ್ಣ ಕೂರಲಿಲ್ಲ. "ಇವನು ಏನೋ ಹೇಳ್ತಾನಂತೆ, ಕೇಳು" ಅಂತ ನನ್ನನ್ನು ಮುಂದಕ್ಕೆ ತಳ್ಳಿದ.

ನಾನು ಮೆಲ್ಲಗೆ ಹೇಳಿದೆ. ಸಾಬ್ರು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, "ಜೋರಾಗಿ ಹೇಳ್ರಿ ಚನ್ನಣ್ಣ, ಈ ಕಡೆ ಬಂದು ಹೇಳ್ರಿ" ಅಂದರು. ಆ ಕಡೆ ಹೋದೆ. ಅದು ಬೀದಿಯ ಕಡೆ. ಗಿರಾಕಿಗಳಿಬ್ಬರೂ ಹಿಂದೆ ಸರಿದು ಜಾಗ ಕೊಟ್ಟರು. ಇಪ್ಪತ್ತು ವರ್ಷ ಕಂಡಕಂಡವರ ಬಾಯಿಗೆ ಮೈಕು ಹಿಡಿದವನು ನಾನು, ಈಗ ನನ್ನ ಹತ್ತಿರ ಒಂದು ಹಾರ್ನೂ ಇರಲಿಲ್ಲ. ಉಸಿರು ತೆಗೆದುಕೊಂಡು ಟೀ ಅಂಗಡಿಯ ಬೆಂಚಿನ ತನಕ ಕೇಳುವ ಹಾಗೆ ಕೂಗಿದೆ.

"ಸಾಬ್ರೇ, ಆ ಪ್ಲೇಟು ನಿಮ್ಮತ್ರ ಇರ್ಲೇ ಇಲ್ಲ. ನನ್ನತ್ರ ಇತ್ತು. ನಾನೇ ಹಾಳು ಮಾಡ್ದೆ, ನಾನೇ ಬಚ್ಚಿಟ್ಟೆ, ನಾನೇ ಸುಳ್ಳು ಹೇಳಿ ನಿಮ್ಮ ಹೆಸ್ರು ಹಚ್ಚಿದೆ. ನಿಮ್ಮ ಶೆಲ್ಫು ಇಳಿಸಿದ್ದು, ನಿಮ್ಮ ಮನೆ ಹುಡುಕ್ಸಿದ್ದು ನಮ್ಮಣ್ಣ ಅಲ್ಲ, ನಾನು. ನಿಮ್ಮಿಬ್ಬರ ಹನ್ನೊಂದು ವರ್ಷದ ಭಾನುವಾರ ನಾನು ತಿಂದೀನಿ. ತಪ್ಪಾತು ಸಾಬ್ರೇ. ತಪ್ಪಾತು ಅಣ್ಣಾ."